ಸಕ್ಕರೆ ಬಿಟ್ಟರೂ ‘ಶುಗರ್’ ಏಕೆ ಇಳಿಯುವುದಿಲ್ಲ?

ಈ ಸಂಚಿಕೆಗೆ ಆಯ್ದ ಪತ್ರಗಳೆಲ್ಲವೂ ಮಧುಮೇಹಕ್ಕೆ ಸಂಬಂಧಿಸಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜು ಮಾಡಿತ್ತು. ಒಂದೇ ವಿಷಯಕ್ಕೆ ಇಷ್ಟು ಪುಟ ಕೊಟ್ಟದ್ದಕ್ಕೆ ಬೇರೆ ಸಮರ್ಥನೆ ಬೇಕಿಲ್ಲವೆಂದು ಭಾವಿಸುತ್ತೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ನಾಲ್ಕು ವರ್ಷವಾಯಿತು. ಅಂದಿನಿಂದ ಕಾಫಿಗೆ ಸಕ್ಕರೆ ಹಾಕಿಲ್ಲ, ಮದುವೆಮನೆಯಲ್ಲೂ ಸಿಹಿ ಮುಟ್ಟಿಲ್ಲ. ಬೆಳಿಗ್ಗೆ ನಾಲ್ಕು ಇಡ್ಲಿ ಅಥವಾ ಎರಡು ದೋಸೆ, ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆ, ಸಂಜೆ ಒಂದು ತಟ್ಟೆ ಮಂಡಕ್ಕಿ, ರಾತ್ರಿ ಮೂರು ಚಪಾತಿ ಮತ್ತು ಸ್ವಲ್ಪ ಅನ್ನ, ಇಷ್ಟೇ ನನ್ನ ಆಹಾರ. ದಿನಕ್ಕೆರಡು ಮಾತ್ರೆ ತಪ್ಪದೆ ನುಂಗುತ್ತೇನೆ. ಬರಿಹೊಟ್ಟೆಯ ಪರೀಕ್ಷೆಯಲ್ಲಿ 128 ಬಂದಿದೆ, ಆದರೆ ಮೂರು ತಿಂಗಳ ಸರಾಸರಿ ಪರೀಕ್ಷೆ 8.4 ತೋರಿಸುತ್ತಿದೆ. ನಾನು ತೆಳ್ಳಗೂ ಇದ್ದೇನೆ. ಪ್ರಯೋಗಾಲಯದವರೇ ತಪ್ಪು ಮಾಡಿರಬಹುದೇ?
– ದಾವಣಗೆರೆ

ಉತ್ತರ: ಪ್ರಯೋಗಾಲಯವನ್ನು ಅನುಮಾನಿಸುವ ಮೊದಲು ತಟ್ಟೆಯನ್ನು ಅನುಮಾನಿಸಬೇಕು, ಗುರುಗಳೇ. ‘ಸಕ್ಕರೆ ಕಾಯಿಲೆ’ ಎಂಬ ಹೆಸರೇ ನಮ್ಮ ಜನರನ್ನು ಅರ್ಧ ದಾರಿ ತಪ್ಪಿಸಿದೆ. ಆ ಹೆಸರಿನಲ್ಲಿರುವ ಸಕ್ಕರೆ ರಕ್ತದಲ್ಲಿರುವ ಗ್ಲೂಕೋಸು. ಅಡುಗೆಮನೆಯ ಡಬ್ಬಿಯಲ್ಲಿರುವುದು ಅದರ ಹಲವು ಮೂಲಗಳಲ್ಲಿ ಒಂದು ಮಾತ್ರ. ಅಕ್ಕಿ, ಗೋಧಿ, ರವೆ, ಅವಲಕ್ಕಿ, ಮಂಡಕ್ಕಿ, ಆಲೂಗಡ್ಡೆ ಇವುಗಳಲ್ಲಿರುವ ಪಿಷ್ಟವೆಂದರೆ ಗ್ಲೂಕೋಸಿನ ಕಣಗಳನ್ನೇ ಸರಪಳಿಯಂತೆ ಪೋಣಿಸಿದ ಪದಾರ್ಥ. ನಾಲಿಗೆಗೆ ಸಿಹಿ ಅನ್ನಿಸದ ಈ ಸರಪಳಿಯನ್ನು ಕರುಳು ಕಳಚಿ ಬಿಡಿ ಗ್ಲೂಕೋಸಾಗಿಸಿ ರಕ್ತಕ್ಕೆ ದಾಟಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ದಿನಕ್ಕೆರಡು ಕಾಫಿಯಲ್ಲಿ ತಾವು ಒಂದೊಂದು ಚಮಚ ಬಿಟ್ಟಿರಿ ಎಂದುಕೊಂಡರೆ ಉಳಿದದ್ದು 10 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಎರಡು ಸಲ ಬಡಿಸಿಕೊಂಡು ಉಣ್ಣುವ ಮಧ್ಯಾಹ್ನದ ಊಟಕ್ಕೆ ಅಷ್ಟು ಅಕ್ಕಿ ಸಲೀಸಾಗಿ ಹೋಗುತ್ತದೆ. ಅಂದರೆ ಕಾಫಿಯ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗಿದೆ. ದಾವಣಗೆರೆಯವರಿಗೆ ಮಂಡಕ್ಕಿಯ ವಿಷಯದಲ್ಲಿ ಬುದ್ಧಿ ಹೇಳುವುದು ಅಪಾಯದ ಕೆಲಸ, ಆದರೂ ಹೇಳಬೇಕಾಗಿದೆ. ಹಗುರವಾಗಿದೆಯೆಂದು ತಿನ್ನುವ ಮಂಡಕ್ಕಿಯು ಅಕ್ಕಿಯನ್ನು ಬಿಸಿಗೆ ಅರಳಿಸಿ ಮಾಡಿದ್ದಾದ್ದರಿಂದ ಅನ್ನಕ್ಕಿಂತಲೂ ಬೇಗ ಜೀರ್ಣವಾಗಿ ರಕ್ತದ ಗ್ಲೂಕೋಸನ್ನು ಏರಿಸುತ್ತದೆ.

ಇನ್ನು ತಮ್ಮ ಎರಡು ಪರೀಕ್ಷೆಗಳ ವ್ಯತ್ಯಾಸ. ಬರಿಹೊಟ್ಟೆಯ ಪರೀಕ್ಷೆಯು ಬೆಳಗಿನ ಒಂದು ಗಳಿಗೆಯ ಚಿತ್ರ. ಎಚ್‌ಬಿಎ1ಸಿ ಎಂಬ ಎರಡನೆಯ ಪರೀಕ್ಷೆಯು ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳಿಗೆ ಎಷ್ಟು ಗ್ಲೂಕೋಸು ಅಂಟಿಕೊಂಡಿದೆ ಎಂಬುದನ್ನು ಅಳೆಯುತ್ತದೆ. ಹಗಲು, ರಾತ್ರಿ, ಊಟ, ಉಪವಾಸಗಳೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. 8.4 ಎಂದರೆ ಸರಾಸರಿ ಗ್ಲೂಕೋಸು 194ರ ಸುತ್ತಮುತ್ತ ಇದೆ ಎಂದರ್ಥ. ಬೆಳಿಗ್ಗೆ 128 ಇರುವವರ ಸರಾಸರಿ 194 ಆಗಬೇಕಾದರೆ ಊಟವಾದ ಬಳಿಕದ ಹೊತ್ತಿನಲ್ಲಿ ಅದು ಇನ್ನೂ ಮೇಲಕ್ಕೆ ಏರುತ್ತಿರಲೇಬೇಕು. ಒಂದು ವಾರ, ದಿನಕ್ಕೊಂದು ಊಟ ಆರಿಸಿಕೊಂಡು, ಊಟ ಆರಂಭಿಸಿದ ಎರಡು ಗಂಟೆಗೆ ಮನೆಯಲ್ಲೇ ಪರೀಕ್ಷಿಸಿ ಬರೆದಿಡಿ. ಯಾವ ತಟ್ಟೆ ತಪ್ಪಿತಸ್ಥ ಎಂಬುದು ತಮಗೇ ತಿಳಿಯುತ್ತದೆ. ಎಚ್‌ಬಿಎ1ಸಿ ಪರೀಕ್ಷೆಯೂ ಎಡವುವುದುಂಟು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು, ಇತ್ತೀಚೆಗೆ ರಕ್ತ ನಷ್ಟವಾಗಿದ್ದರೆ ಕಡಿಮೆ ತೋರಿಸಬಹುದು. ಹಾಗಾಗಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಒಳ್ಳೆಯದು.

ಅನ್ನವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ತಾವು ಹದಿನೈದು ದಿನಕ್ಕಿಂತ ಹೆಚ್ಚು ಪಾಲಿಸಲಾರಿರಿ. ಅನ್ನವನ್ನು ಅರ್ಧಕ್ಕಿಳಿಸಿ, ಖಾಲಿಯಾದ ಜಾಗವನ್ನು ಪಲ್ಯ, ಕೋಸಂಬರಿ, ಮೊಳಕೆ ಕಾಳಿನ ಉಸಲಿ, ದಪ್ಪ ಬೇಳೆಯ ಹುಳಿಗಳಿಂದ ತುಂಬಿಸಬೇಕು. ತರಕಾರಿಯನ್ನೂ ಕಾಳನ್ನೂ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಅದೇ ಊಟಕ್ಕೆ ಗ್ಲೂಕೋಸಿನ ಏರಿಕೆ ಕಡಿಮೆಯಾಗುತ್ತದೆ. ಎಲೆಯ ತುದಿಗೆ ಮೊದಲು ಕೋಸಂಬರಿ, ಪಲ್ಯ ಬಡಿಸುವ ನಮ್ಮ ಪದ್ಧತಿ ಇದಕ್ಕೆ ಅನುಕೂಲವಾಗಿಯೇ ಇದೆ; ಬಡಿಸಿದ ಕ್ರಮದಲ್ಲಿ ತಿನ್ನುವುದಷ್ಟೇ ಬಾಕಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ರಕ್ತದ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಒಂದು ಎಚ್ಚರಿಕೆ: ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುತ್ತಿದ್ದರೆ, ಅನ್ನವನ್ನು ಹಠಾತ್ತನೆ ಅರ್ಧ ಮಾಡುವ ಮೊದಲು ತಮ್ಮ ವೈದ್ಯರಿಗೆ ತಿಳಿಸಿ, ಔಷಧದ ಪ್ರಮಾಣವನ್ನೂ ಇಳಿಸಬೇಕಾಗಿ ಬರಬಹುದು.

ತೆಳ್ಳಗಿದ್ದೇನೆಂಬ ಸಮಾಧಾನವೂ ಬೇಡ. ನೋಡಲು ತೆಳ್ಳಗಿರುವ ಭಾರತೀಯರ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿರುತ್ತದೆ ಎಂಬುದನ್ನು ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ತೂಕದ ಬದಲು ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿಕೊಳ್ಳಿ: ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಪ್ರಶ್ನೆ: ನಮ್ಮದು ಕಬ್ಬು ಬೆಳೆಯುವ ಕುಟುಂಬ, ಸ್ವಂತ ಆಲೆಮನೆಯೂ ಇದೆ. ರಾಸಾಯನಿಕ ಹಾಕದೆ ಬೆಲ್ಲ ಮಾಡುತ್ತೇವೆ. ನಮ್ಮ ತಂದೆಯವರಿಗೆ ಶುಗರ್ ಬಂದಾಗಿನಿಂದ ಟೀಗೆ ಬೆಲ್ಲವನ್ನೇ ಹಾಕುತ್ತಿದ್ದೇವೆ. ಸಾವಯವ ಬೆಲ್ಲದಿಂದ ತೊಂದರೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇದು ಸರಿಯೇ?
– ಮಂಡ್ಯ ಜಿಲ್ಲೆ

ಉತ್ತರ: 1933ರಿಂದ ಸಕ್ಕರೆ ಕಾರ್ಖಾನೆ ಇರುವ, ‘ಸಕ್ಕರೆ ನಾಡು’ ಎಂದೇ ಕರೆಸಿಕೊಳ್ಳುವ ಊರಿನವರಿಗೆ ಕಬ್ಬಿನ ಹಾಲಿನ ವಿಷಯ ನಾನು ಕಲಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಅದೇ ಹಾಲು ಒಂದು ದಾರಿಯಲ್ಲಿ ಸಾಗಿದರೆ ಸಕ್ಕರೆ, ಇನ್ನೊಂದು ದಾರಿಯಲ್ಲಿ ಸಾಗಿದರೆ ಬೆಲ್ಲ. ಎರಡರಲ್ಲೂ ಸಿಹಿ ಕೊಡುವುದು ಸುಕ್ರೋಸ್ ಎಂಬ ಒಂದೇ ಪದಾರ್ಥ. ಬೆಲ್ಲದಲ್ಲಿ ಸ್ವಲ್ಪ ನೀರಿನಂಶ, ಸ್ವಲ್ಪ ಖನಿಜ, ಕೊಂಚ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಉಳಿದುಕೊಂಡಿರುತ್ತವೆ. ಆ ಖನಿಜಗಳ ಪ್ರಯೋಜನ ಪಡೆಯುವಷ್ಟು ಬೆಲ್ಲವನ್ನು ಮಧುಮೇಹಿಯೊಬ್ಬರು ತಿಂದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಬೇಕಿಲ್ಲ. ಕಬ್ಬಿಣಾಂಶ ಬೇಕೆಂದರೆ ಸೊಪ್ಪು, ಕಾಳುಗಳಿವೆ. ರಾಸಾಯನಿಕ ಹಾಕದಿರುವುದು ಒಳ್ಳೆಯ ಕೆಲಸವೇ, ಆದರೆ ಅದರಿಂದ ಸುಕ್ರೋಸ್ ಬೇರೆಯದಾಗುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ಅನುಭವದಲ್ಲಿ ಬೆಲ್ಲದ ನಿಜವಾದ ಅಪಾಯ ಅದರ ಒಳ್ಳೆಯ ಹೆಸರೇ. ಸಕ್ಕರೆ ಹಾಕುವಾಗ ಅರ್ಧ ಚಮಚಕ್ಕೆ ತಡೆಯುವ ಕೈ, ಬೆಲ್ಲವೆಂದರೆ ಎರಡು ಚಮಚಕ್ಕೂ ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸಕ್ಕರೆ, ಜೇನು, ಹಣ್ಣಿನ ರಸ ಇವುಗಳ ಸಿಹಿಯನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದೆ; ಬೆಲ್ಲವೂ ಅದೇ ಗುಂಪಿನದು. ಇವೆಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯ ಶೇ 10ನ್ನು ಮೀರಬಾರದು, ಶೇ 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂದು ಅದು ಹೇಳುತ್ತದೆ. ಶೇ 5 ಎಂದರೆ ಸುಮಾರು 25 ಗ್ರಾಂ, ಐದಾರು ಚಮಚ. ಇದು ಕಾಯಿಲೆಯಿಲ್ಲದ ಸಾಮಾನ್ಯ ಜನರಿಗೂ ಹೇಳಿದ ಮಿತಿ ಎಂಬುದನ್ನು ಗಮನಿಸಿ. ತಂದೆಯವರ ಟೀಯಲ್ಲಿ ಬೆಲ್ಲ ಬೇಡ. ಯುಗಾದಿಯ ಬೇವುಬೆಲ್ಲವನ್ನು ಎಲ್ಲರಂತೆ ಒಂದು ಚಿಟಿಕೆ ತಿನ್ನಲಿ. ಹಬ್ಬದ ದಿನ ಹೋಳಿಗೆ ಬೇಕೆಂದರೆ ಅರ್ಧ ಹೋಳಿಗೆ ತಿಂದು ಆ ಊಟದಲ್ಲಿ ಅನ್ನವನ್ನು ಬಿಡಲಿ. ಹೋಳಿಗೆಯೂ ಬೇಕು, ಚಿತ್ರಾನ್ನವೂ ಬೇಕು, ಪಾಯಸವೂ ಬೇಕು ಎಂದರೆ ಯಾವ ಮಾತ್ರೆಯೂ ಕಾಪಾಡುವುದಿಲ್ಲ.

ಪ್ರಶ್ನೆ: ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಎನ್ನುತ್ತಾರೆ. ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಎರಡು ಹೊತ್ತೂ ಮುದ್ದೆ, ಬೆಳಿಗ್ಗೆ ರಾಗಿ ಮಾಲ್ಟ್ ಕುಡಿಯುತ್ತೇನೆ. ಆದರೂ ಶುಗರ್ 210 ಬಂದಿದೆ.
– ತುಮಕೂರು ಜಿಲ್ಲೆ

ಉತ್ತರ: ರಾಗಿ ಒಳ್ಳೆಯ ಧಾನ್ಯ, ಆದರೆ ಅದೂ ಧಾನ್ಯವೇ ಅಮ್ಮ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಅಕ್ಕಿಗಿಂತ ಅದನ್ನು ಮೇಲೆ ಇಡುವುದು ಅದರ ನಾರಿನಂಶ: ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಕ್ಯಾಲ್ಸಿಯಂ ಅಂತೂ 350 ಮಿಲಿಗ್ರಾಮಿಗಿಂತ ಹೆಚ್ಚು. ಅದರಲ್ಲಿ ಬೇರೆ ಯಾವ ಧಾನ್ಯವೂ ರಾಗಿಯ ಹತ್ತಿರ ಸುಳಿಯುವುದಿಲ್ಲ. ಹೀಗಿದ್ದರೂ ಗಟ್ಟಿಯಾದ ದೊಡ್ಡ ಮುದ್ದೆಯೊಂದಕ್ಕೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ನಿಮ್ಮ ತಾಯಿ ಅಜ್ಜಿಯರು ಅಂಥ ಎರಡು ಮುದ್ದೆ ನುಂಗಿ ಹೊಲದಲ್ಲಿ ಕಳೆ ಕಿತ್ತು, ನೀರು ಹೊತ್ತು, ಸೌದೆ ತಂದರು. ಮುದ್ದೆ ಅದೇ ಇದೆ, ಆ ದುಡಿಮೆ ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಸಿಗುವುದಿಲ್ಲ. ಮುದ್ದೆಯ ಗಾತ್ರವನ್ನು ದೊಡ್ಡ ನಿಂಬೆಹಣ್ಣಿನ ಎರಡರಷ್ಟಕ್ಕೆ ಇಳಿಸಿ, ಜೊತೆಗೆ ಬಸ್ಸಾರು, ಸೊಪ್ಪಿನ ಸಾರು, ಹುರುಳಿಕಾಳಿನ ಸಾರನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಬಸಿದ ಕಾಳು ಸೊಪ್ಪಿನ ಪಲ್ಯ ಮುದ್ದೆಗಿಂತ ಹೆಚ್ಚಿರಲಿ. ಮುದ್ದೆ ಉಂಡ ಮೇಲೆ ಅನ್ನ ಮಜ್ಜಿಗೆ ಸೇರಿಸುವ ರೂಢಿಯಿದ್ದರೆ ಅದನ್ನು ನಿಲ್ಲಿಸಿ.

ಮಾಲ್ಟ್ ಬೇರೆಯೇ ಕಥೆ. ಹಿಟ್ಟು ನುಣ್ಣಗಾದಷ್ಟೂ, ಬೇಯಿಸಿ ತೆಳ್ಳಗೆ ಮಾಡಿದಷ್ಟೂ ಕರುಳಿಗೆ ಕೆಲಸ ಕಡಿಮೆ, ರಕ್ತಕ್ಕೆ ಗ್ಲೂಕೋಸು ಬೇಗ. ಮೇಲೆ ಬೆಲ್ಲವನ್ನೂ ಹಾಕಿದರೆ ಹೇಳುವುದೇ ಬೇಡ. ಮಾಲ್ಟ್ ಬಿಟ್ಟು ತರಕಾರಿ ಹಾಕಿದ ರಾಗಿ ರೊಟ್ಟಿಯನ್ನೋ ಎರಡು ಹೆಸರುಕಾಳಿನ ದೋಸೆಯನ್ನೋ ತಿನ್ನಿ. ಅಂದಹಾಗೆ ಆ 210 ಬರಿಹೊಟ್ಟೆಯದೋ ಊಟದ ನಂತರದ್ದೋ ಬರೆದಿಲ್ಲ. ಯಾವುದಾದರೂ ಸರಿ, ಬರಿಹೊಟ್ಟೆಯಲ್ಲಿ 126, ಎಚ್‌ಬಿಎ1ಸಿಯಲ್ಲಿ 6.5 ಅಥವಾ ಹೆಚ್ಚು ಬಂದರೆ ಅದನ್ನು ಮಧುಮೇಹ ಎನ್ನುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಇವುಗಳನ್ನು ಮಾಡಿಸಿಕೊಂಡು ವೈದ್ಯರನ್ನು ಕಾಣಿರಿ. ಊಟ ಬದಲಿಸಿದರೆ ಸಾಕೋ ಮಾತ್ರೆಯೂ ಬೇಕೋ ಎಂಬುದನ್ನು ಅವರು ತೀರ್ಮಾನಿಸಲಿ.

ಪ್ರಶ್ನೆ: ಸಕ್ಕರೆರಹಿತ ಎಂದು ಮುದ್ರಿಸಿರುವ ಬಿಸ್ಕತ್ತು ಎಷ್ಟು ಬೇಕಾದರೂ ತಿನ್ನಬಹುದೇ? ಕಾಫಿಗೆ ಸಿಹಿ ಮಾತ್ರೆ ಹಾಕಿಕೊಳ್ಳುವುದು ಸುರಕ್ಷಿತವೇ?
– ಮೈಸೂರು

ಉತ್ತರ: ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿರಬಹುದು, ಮೈದಾ ಇದೆಯಲ್ಲ. ಪೊಟ್ಟಣದ ಹಿಂಬದಿಯಲ್ಲಿ ಸಕ್ಕರೆಯ ಸಾಲನ್ನು ಬಿಟ್ಟು ಒಟ್ಟು ಕಾರ್ಬೊಹೈಡ್ರೇಟಿನ ಸಾಲನ್ನು ಓದಿ. ಕಾಫಿಗೆ ಒಂದೆರಡು ಸಿಹಿ ಮಾತ್ರೆ ಹಾಕಿಕೊಂಡರೆ ರಕ್ತದ ಗ್ಲೂಕೋಸು ಏರುವುದಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವುಗಳನ್ನು ಬಳಸಬೇಡಿ ಎಂದದ್ದು ತೂಕ ಇಳಿಸುವ ಉಪಾಯವಾಗಿ. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ಆದರೂ ನಾಲಿಗೆಗೆ ಕಹಿ ಕಾಫಿಯನ್ನು ರೂಢಿ ಮಾಡಿಸುವುದೇ ಲೇಸು. ಕೆಲವು ವಾರಗಳ ಕಷ್ಟ ಅಷ್ಟೆ.

ಪ್ರಶ್ನೆ: ಮಾವಿನಹಣ್ಣು ಹೆಚ್ಚಿ ಮಕ್ಕಳಿಗೆ ಕೊಟ್ಟೆ, ನಾನು ಒಂದು ಹೋಳೂ ತಿನ್ನಲಿಲ್ಲ. ಆದರೆ ಆಮೇಲೆ ಗ್ಲುಕೋಮೀಟರಿನಲ್ಲಿ ನೋಡಿದರೆ 290! ಯಂತ್ರ ಕೆಟ್ಟಿದೆಯೇ?
– ಬೆಂಗಳೂರು

ಉತ್ತರ: ಯಂತ್ರ ಸರಿಯಾಗಿಯೇ ಇರಬಹುದು, ಅದು ನಿಮ್ಮ ಬೆರಳಿನಲ್ಲಿದ್ದ ಮಾವಿನ ರಸವನ್ನೂ ಸೇರಿಸಿ ಅಳೆದಿದೆ. ಒಂದು ಸಣ್ಣ ರಕ್ತದ ಹನಿಗೆ ಹಣ್ಣಿನ ರಸ ತಗುಲಿದರೆ ಸಾಕು, ಅಂಕೆ ಹಾರುತ್ತದೆ. ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮತ್ತೆ ನೋಡಿ. ಅಂದಹಾಗೆ ಸಕ್ಕರೆ ಹತೋಟಿಯಲ್ಲಿದ್ದರೆ ಊಟದ ಜೊತೆಗಲ್ಲದೆ ನಡುಹೊತ್ತಿನಲ್ಲಿ ಎರಡು ಹೋಳು ಮಾವು ತಿನ್ನಲು ಅಡ್ಡಿಯಿಲ್ಲ. ರಸ ಹಿಂಡಿ ಸೀಕರಣೆ ಮಾಡಿಕೊಂಡರೆ ಅಡ್ಡಿಯಿದೆ.

ಪ್ರಶ್ನೆ: ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮೆಂತ್ಯ ಇವುಗಳಿಂದ ಮಾತ್ರೆ ಬಿಡಬಹುದೇ?
– ಚಿಕ್ಕಮಗಳೂರು

ಉತ್ತರ: ಬಿಡಬಾರದು. ಮೆಂತ್ಯದಲ್ಲಿರುವ ಲೋಳೆಯಂಥ ನಾರು ಪಿಷ್ಟದ ಜೀರ್ಣವನ್ನು ಸ್ವಲ್ಪ ನಿಧಾನಿಸುತ್ತದೆ. ನೆನೆಸಿದ ಮೆಂತ್ಯವನ್ನೂ ಹಾಗಲಕಾಯಿ ಗೊಜ್ಜನ್ನೂ ಆಹಾರವೆಂದು ತಿನ್ನಿರಿ. ಊರೂರು ತಿರುಗಿ ಮಾರುವ ಹೆಸರಿಲ್ಲದ ಪುಡಿಗಳಿಂದ ಮಾತ್ರ ದೂರವಿರಿ. ‘ಅದ್ಭುತವಾಗಿ ಕೆಲಸ ಮಾಡಿದ’ ಇಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಅಲೋಪತಿ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 71 ವರ್ಷ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಕಾದಶಿಯ ದಿನ ಮಾತ್ರೆ ನುಂಗಿ ಉಪವಾಸವಿದ್ದರು. ಸಂಜೆ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ಮಾತನಾಡತೊಡಗಿದರು. ಸಕ್ಕರೆ ಕಾಯಿಲೆಯವರೆಂದು ಹೆದರಿ ಸಕ್ಕರೆಯಿಲ್ಲದ ಹಾಲು ಕೊಟ್ಟೆವು. ಸುಧಾರಿಸಿಕೊಳ್ಳಲು ತುಂಬ ಹೊತ್ತಾಯಿತು. ನಾವು ಮಾಡಿದ್ದು ಸರಿಯೇ?
– ಶಿವಮೊಗ್ಗ

ಉತ್ತರ: ನಿಮ್ಮ ಕಾಳಜಿ ಸರಿ, ಆಯ್ಕೆ ತಪ್ಪು, ಅಂಥ ಹೊತ್ತಿನಲ್ಲಿ ಸಕ್ಕರೆಯೇ ಔಷಧ. ಗ್ಲಿಮೆಪಿರೈಡ್ ಊಟ ಮಾಡಲಿ ಬಿಡಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಹೊಟ್ಟೆ ಖಾಲಿಯಿದ್ದಾಗ ಗ್ಲೂಕೋಸು 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಎದೆಬಡಿತ, ತೊದಲು ಮಾತು, ವಿನಾಕಾರಣ ಸಿಟ್ಟು ಕಾಣಿಸಿಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ಲಕ್ಷಣ ಕಂಡ ಕೂಡಲೇ, ಯಂತ್ರ ಹುಡುಕುತ್ತ ಕೂರದೆ, ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಕಾದು ಪರೀಕ್ಷಿಸಿ, 70 ದಾಟದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಚಾಕೊಲೇಟು, ಬರ್ಫಿ ಬೇಡ. ಅವುಗಳಲ್ಲಿರುವ ಜಿಡ್ಡು ಸಕ್ಕರೆಯನ್ನು ತಡಮಾಡಿಸುತ್ತದೆ. ಚೇತರಿಸಿಕೊಂಡ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುವ ಭಯವಿದೆ. ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು. ಈ ಮಾತ್ರೆಯ ಪರಿಣಾಮ ದೀರ್ಘವಾದ್ದರಿಂದ, ಸುಧಾರಿಸಿದರೆಂದು ಮಲಗಿಸಿದವರು ನಡುರಾತ್ರಿ ಮತ್ತೆ ಕುಸಿಯುವುದುಂಟು.

ವ್ರತವನ್ನು ಬಿಡಿಸಲು ನನಗೆ ಮನಸ್ಸಿಲ್ಲ. ಏಕಾದಶಿ ಹದಿನೈದು ದಿನಕ್ಕೊಮ್ಮೆ ಬರುವುದು ಮೊದಲೇ ಗೊತ್ತಿರುವ ಸಂಗತಿ. ಆ ದಿನ ಯಾವ ಮಾತ್ರೆ, ಎಷ್ಟು, ಎಂಬುದನ್ನು ಅವರ ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ಫಲಾಹಾರದ ನೆಪದಲ್ಲಿ ಸಬ್ಬಕ್ಕಿ ಖಿಚಡಿ ಬೇಡ, ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಹಾಲು, ಮೊಸರು, ಶೇಂಗಾ, ಒಂದು ಸೀಬೆಹಣ್ಣು ಸಾಕು. ಇನ್ನೊಂದು ಮಾತು ಅವರ ವೈದ್ಯರ ಬಳಿ ಕೇಳಿ: 71ರ ವಯಸ್ಸಿನಲ್ಲಿ ಇಷ್ಟು ಬಿಗಿಯಾದ ಹತೋಟಿ ಬೇಕೇ? ವಯಸ್ಸಾದವರಿಗೆ ಸಕ್ಕರೆ ತುಸು ಹೆಚ್ಚಿರುವುದಕ್ಕಿಂತ ದಿಢೀರನೆ ಇಳಿದು ಬೀಳುವುದೇ ಹೆಚ್ಚು ಕೆಟ್ಟದ್ದು.

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ. ಆರು ತಿಂಗಳಿಂದ ಟೈಪ್ 1 ಮಧುಮೇಹಕ್ಕೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚುತ್ತಿದ್ದೇವೆ. ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದರೆ ಸೂಜಿ ನಿಲ್ಲಿಸಬಹುದೆಂದು ಮನೆಯ ಹಿರಿಯರು ಒತ್ತಾಯಿಸುತ್ತಿದ್ದಾರೆ. ಮಗು ಅಳುವುದನ್ನು ನೋಡಲಾಗುವುದಿಲ್ಲ.
– ಕಲಬುರಗಿ

ಉತ್ತರ: ಈ ಪುಟದಲ್ಲಿ ಇಷ್ಟು ಹೊತ್ತು ಹೇಳಿದ ಊಟದ ಮಾತುಗಳು ಟೈಪ್ 2 ಮಧುಮೇಹಕ್ಕೆ ಸಂಬಂಧಿಸಿದವು. ನಿಮ್ಮ ಮಗನ ಕಾಯಿಲೆ ಹೆಸರಿನಲ್ಲಷ್ಟೇ ಅದರ ನೆಂಟ. ಅವನ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿದೆ. ಅವನು ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ತಪ್ಪೂ ಅಲ್ಲ. ಪಥ್ಯದಿಂದ ಈ ಮಕ್ಕಳನ್ನು ಉಳಿಸುವ ಪ್ರಯತ್ನ ಹಿಂದೆ ನಡೆದಿದೆ. ಇನ್ಸುಲಿನ್ ಸಿಗುವ ಮೊದಲು ವೈದ್ಯರು ಮಕ್ಕಳನ್ನು ಹೆಚ್ಚುಕಡಿಮೆ ಉಪವಾಸ ಕೆಡವಿ ಕೆಲವು ತಿಂಗಳು ಹೆಚ್ಚು ಬದುಕಿಸುತ್ತಿದ್ದರು, ಅಷ್ಟೇ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ, ಮೂಳೆ ಚರ್ಮವಾಗಿದ್ದ ಹುಡುಗ ಅದನ್ನು ಪಡೆದ ಮೊದಲಿಗನಾಗಿ ಇನ್ನೂ 13 ವರ್ಷ ಬದುಕಿದ. ಸೂಜಿ ಬಿಡಿಸುವುದೆಂದರೆ ಮಗುವನ್ನು 1921ರ ಹಿಂದಕ್ಕೆ ತಳ್ಳಿದಂತೆ. ಈ ಭಾಗವನ್ನು ಹಿರಿಯರಿಗೆ ಓದಿ ಹೇಳಿ.

ಅವನು ಎಲ್ಲ ಮಕ್ಕಳಂತೆ ಜೋಳದ ರೊಟ್ಟಿ, ಅನ್ನ, ಹಬ್ಬದ ಹೋಳಿಗೆ ತಿನ್ನಬಹುದು. ತಿನ್ನುವ ಪಿಷ್ಟಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕುವುದನ್ನು ನಿಮ್ಮ ವೈದ್ಯರು ಕಲಿಸುತ್ತಾರೆ. ಊರಿನ ಬಿಸಿಲಿನ ಬಗ್ಗೆ ಒಂದು ಎಚ್ಚರ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಬೇಡ. ಬೇಸಿಗೆಯಲ್ಲಿ ಕರೆಂಟು ಹೋಗುವ ಮನೆಯಾದರೆ ಬಾಟಲಿಯನ್ನು ನೀರು ಸೋಕದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನ ಗಡಿಗೆಯ ತಂಪಿನಲ್ಲಿಡಬಹುದು. ಜ್ವರ ಬಂದು ಊಟ ಬಿಟ್ಟ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಪ್ರಮಾಣವನ್ನು ವೈದ್ಯರಿಗೆ ಫೋನು ಮಾಡಿ ಕೇಳಿ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.